ಸೋತವರಿಗೂ ಮುಂದಿನ ವಾರ ಪಂದ್ಯವಿರಲಿ

(ಒಳಾಂಗಣ ಫುಟ್‌ಬಾಲ್ ಮತ್ತು 'ಬೆಳವಣಿಗೆ ಲೀಗ್' ಕುರಿತು ದೊಡ್ಡಬಳ್ಳಾಪುರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಫುಟ್‌ಬಾಲ್ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ವಿಶಾಲವಾದ ಮೈದಾನ, ಇಪ್ಪತ್ತೆರಡು ಮಂದಿ ಆಟಗಾರರು, ಸುತ್ತಲೂ ಸಾವಿರಾರು ಪ್ರೇಕ್ಷಕರು. ಇಂದಿನ ಮಾತು ಆ ಮೈದಾನದ ಬಗ್ಗೆ ಅಲ್ಲ. ಸೂರಿನ ಕೆಳಗೆ, ಚಿಕ್ಕ ಅಂಗಳದಲ್ಲಿ, ಐದೈದು ಮಂದಿ ಆಡುವ ಫುಟ್‌ಬಾಲ್ ಬಗ್ಗೆ. ಅದಕ್ಕಿಂತ ಮುಖ್ಯವಾಗಿ, ಆ ಆಟದಲ್ಲಿ ಹೊಸಬರನ್ನು ಬೆಳೆಸಿ ಮೇಲಕ್ಕೆ ಕಳಿಸುವ 'ಬೆಳವಣಿಗೆ ಲೀಗ್' ಎಂಬ ಏರ್ಪಾಟಿನ ಬಗ್ಗೆ.

ಅಮೆರಿಕದಲ್ಲೋ ಬ್ರೆಜಿಲ್‌ನಲ್ಲೋ ನಡೆಯುವ ಇಂಥ ಲೀಗ್‌ಗೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಮಗ್ಗದ ಮನೆಯ ಹುಡುಗನೊಬ್ಬ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳೊಬ್ಬಳು ಚೆಂಡನ್ನು ಚೆನ್ನಾಗಿ ಒದೆಯಬಲ್ಲರು ಎಂದಿಟ್ಟುಕೊಳ್ಳಿ. ಅವರು ಮುಂದೆ ಎಲ್ಲಿಗೆ ಹೋಗಬೇಕು? ಮೊದಲ ಮೆಟ್ಟಿಲು ಯಾವುದು, ಎರಡನೆಯದು ಯಾವುದು? ಈ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಗೇ ಬೆಳವಣಿಗೆ ಲೀಗ್ ಎಂದು ಹೆಸರು.

ಒಂದೇ ದಿನದಲ್ಲಿ ಮುಗಿಯುವ ಆಟ

ಗ್ರಾಮಾಂತರದಲ್ಲಿ ಆಟವೇ ಇಲ್ಲವೆಂದಲ್ಲ. ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಹಂತಹಂತವಾಗಿ ನಡೆಯುತ್ತವೆ. ದಸರಾ ಕ್ರೀಡಾಕೂಟವೂ ಹಾಗೆಯೇ. ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಯುವಕ ಸಂಘಗಳು ಟೂರ್ನಿ ಏರ್ಪಡಿಸುತ್ತವೆ. ಪೆಂಡಾಲು, ಮೈಕು, ಕಪ್ಪು, ನಗದು ಬಹುಮಾನ ಎಲ್ಲವೂ ಇರುತ್ತದೆ.

ಆದರೆ ಇವುಗಳಲ್ಲಿ ಹೆಚ್ಚಿನವು ನಾಕೌಟ್ ಪದ್ಧತಿಯವು. ಸೋತ ತಂಡ ಮನೆಗೆ. ಇದರ ಲೆಕ್ಕವನ್ನು ಸ್ವಲ್ಪ ನೋಡೋಣ. ಎಂಟು ತಂಡಗಳ ನಾಕೌಟ್ ಟೂರ್ನಿಯಲ್ಲಿ ಆಗುವ ಒಟ್ಟು ಪಂದ್ಯಗಳು 7. ಅವುಗಳಲ್ಲಿ ನಾಲ್ಕು ತಂಡಗಳು ಒಂದೊಂದೇ ಪಂದ್ಯ ಆಡಿ ಹೊರಬೀಳುತ್ತವೆ. ಇನ್ನೆರಡಕ್ಕೆ ಎರಡೆರಡು ಪಂದ್ಯ. ಫೈನಲ್ ತಲುಪಿದ ಎರಡು ತಂಡಗಳಿಗೆ ಮಾತ್ರ ಮೂರು. ಅಂದರೆ ಬೆಳಿಗ್ಗೆ ಸೋತ ಹುಡುಗನ ಆಟದ ವರ್ಷ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿರುತ್ತದೆ. ಆತ ತನ್ನ ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ವರ್ಷದ ಕ್ರೀಡಾಕೂಟದವರೆಗೆ ಕಾಯಬೇಕು. ಅಷ್ಟರಲ್ಲಿ ಅವನ ವಯೋಮಿತಿ ಮೀರಿರುತ್ತದೆ, ಇಲ್ಲವೇ ಅವನು ಕೆಲಸಕ್ಕೆ ಸೇರಿರುತ್ತಾನೆ.

ಅದೇ ಎಂಟು ತಂಡಗಳು ಲೀಗ್ ಪದ್ಧತಿಯಲ್ಲಿ ಪರಸ್ಪರ ಎರಡು ಬಾರಿ ಎದುರಾದರೆ ಒಟ್ಟು 56 ಪಂದ್ಯಗಳಾಗುತ್ತವೆ. ಗೆದ್ದ ತಂಡಕ್ಕೂ 14 ಪಂದ್ಯ, ಎಲ್ಲದರಲ್ಲೂ ಸೋತ ತಂಡಕ್ಕೂ 14 ಪಂದ್ಯ. ನಾಕೌಟ್ ಟೂರ್ನಿ ಈಗಾಗಲೇ ಬಲಿತವರನ್ನು ಗುರುತಿಸುತ್ತದೆ. ಲೀಗ್ ಇನ್ನೂ ಬಲಿಯದವರನ್ನು ಬೆಳೆಸುತ್ತದೆ. ಈ ವ್ಯತ್ಯಾಸವೇ ಇಂದಿನ ಮಾತಿನ ತಿರುಳು.

ಗೋಡೆಗೆ ಒದೆಯುವ ಆಟ, ಅಂಗಳದೊಳಗಿನ ಆಟ

ಒಳಾಂಗಣ ಫುಟ್‌ಬಾಲ್‌ನಲ್ಲಿ ಎರಡು ಮುಖ್ಯ ಪ್ರಕಾರಗಳಿವೆ. ಒಂದು ಅಮೆರಿಕದ್ದು. ಅಲ್ಲಿ ಐಸ್ ಹಾಕಿಯ ಅಂಗಳದ ಸುತ್ತ ಇರುವ ತಡೆಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ನೆಲಕ್ಕೆ ಕೃತಕ ಹುಲ್ಲು ಹಾಸಿ ಆಡುತ್ತಾರೆ. ಗೋಲಿಯೂ ಸೇರಿ ತಂಡಕ್ಕೆ ಆರು ಮಂದಿ. ಗೋಡೆಗೆ ಬಡಿದು ವಾಪಸಾದ ಚೆಂಡು ಆಟದಲ್ಲೇ ಇರುತ್ತದೆ. ಹದಿನೈದು ನಿಮಿಷಗಳ ನಾಲ್ಕು ಅವಧಿಗಳು. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು. 1974ರಲ್ಲಿ ಮಾಸ್ಕೋದ ಸೇನಾ ತಂಡ ಫಿಲಡೆಲ್ಫಿಯಾಕ್ಕೆ ಬಂದು ಇಂಥದೊಂದು ಪಂದ್ಯವಾಡಿದಾಗ ಅದನ್ನು ನೋಡಲು ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಈ ಆಟಕ್ಕೂ ಮಾರುಕಟ್ಟೆ ಇದೆ ಎಂದು ಹೂಡಿಕೆದಾರರಿಗೆ ಹೊಳೆಯಿತು. 1978ರಲ್ಲಿ ಮೇಜರ್ ಇಂಡೋರ್ ಸಾಕರ್ ಲೀಗ್ ಶುರುವಾಯಿತು, 1992ರಲ್ಲಿ ಮುಚ್ಚಿತು. ಅನಂತರ ಬೇರೆ ಬೇರೆ ಹೆಸರಿನ ಲೀಗ್‌ಗಳು ಬಂದವು, ಹೋದವು. 2014ರಲ್ಲಿ ಮೇಜರ್ ಅರೀನಾ ಸಾಕರ್ ಲೀಗ್ ರೂಪುಗೊಂಡಿತು.

ಇಷ್ಟೆಲ್ಲ ಏಳುಬೀಳು ಕಂಡ ಮೇಲೆ ಅಮೆರಿಕದವರಿಗೆ ಒಂದು ಪಾಠ ಮನದಟ್ಟಾಯಿತು. ಮೇಲಿನ ಲೀಗ್ ಎಷ್ಟೇ ಥಳುಕಾಗಿದ್ದರೂ ಕೆಳಗಿನಿಂದ ಆಟಗಾರರು ಬರದಿದ್ದರೆ ಅದು ಬಾಳುವುದಿಲ್ಲ. ಆದ್ದರಿಂದ 2017ರಲ್ಲಿ 'ಎಂ 2' ಎಂಬ ಎರಡನೆಯ ದರ್ಜೆಯ ಬೆಳವಣಿಗೆ ಲೀಗ್ ಆರಂಭವಾಯಿತು. ಅದರ ಕ್ರಮ ಸರಳವಾದದ್ದು. ಹತ್ತಿರ ಹತ್ತಿರದ ಊರುಗಳ ತಂಡಗಳನ್ನು ಒಂದು ಗುಂಪು ಮಾಡಿ ಪ್ರಯಾಣದ ಖರ್ಚು ತಗ್ಗಿಸುವುದು, ವಾರಪೂರ್ತಿ ಬೇರೆ ಕೆಲಸ ಮಾಡುವ ಆಟಗಾರರಿಗೆ ಅನುಕೂಲವಾಗುವಂತೆ ವಾರಾಂತ್ಯದಲ್ಲಿ ಪಂದ್ಯ ಇಡುವುದು, ಚೆನ್ನಾಗಿ ಆಡಿದವರನ್ನು ಮೇಲಿನ ತಂಡ ಕರೆಸಿಕೊಳ್ಳುವುದು. ಸ್ಯಾನ್ ಡಿಯಾಗೋ ಸಾಕರ್ಸ್‌ನಂಥ ಹೆಸರಾಂತ ತಂಡವೂ ತನ್ನ ಎರಡನೆಯ ತಂಡವನ್ನು ಅಲ್ಲಿ ಆಡಿಸಿತು.

ಎರಡನೆಯ ಪ್ರಕಾರ ಫುಟ್‌ಸಾಲ್. ಇದು ಹುಟ್ಟಿದ್ದು ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ. 1930ರಲ್ಲಿ ಮಾಂಟೆವಿಡಿಯೊ ನಗರದ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಹ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು, ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲೇ ಫುಟ್‌ಬಾಲ್ ಆಡಿಸಲು ನಿಯಮಗಳನ್ನು ಬರೆದರು. ಇಲ್ಲಿ ಗೋಡೆಯ ಆಟವಿಲ್ಲ. ಗೆರೆ ದಾಟಿದರೆ ಚೆಂಡು ಹೊರಗೆ. ಗೋಲಿಯೂ ಸೇರಿ ತಂಡಕ್ಕೆ ಐದೇ ಮಂದಿ. ಚೆಂಡು ತುಸು ಚಿಕ್ಕದು, ಹೆಚ್ಚು ಪುಟಿಯುವುದಿಲ್ಲ. ಇಪ್ಪತ್ತು ನಿಮಿಷಗಳ ಎರಡು ಅವಧಿ. ಚೆಂಡು ಹೊರಹೋದಾಗ ಗಡಿಯಾರವೂ ನಿಲ್ಲುತ್ತದೆ. ಹೊರಹೋದ ಚೆಂಡನ್ನು ನಾಲ್ಕು ಸೆಕೆಂಡುಗಳೊಳಗೆ ಒಳಗೆ ಒದೆಯಬೇಕು. ಎಷ್ಟು ಬಾರಿ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಒಂದು ಅವಧಿಯಲ್ಲಿ ತಂಡದ ಫೌಲ್‌ಗಳು ಐದು ದಾಟಿದರೆ, ಆರನೆಯದರಿಂದ ಎದುರಾಳಿಗೆ ಅಡ್ಡಗೋಡೆಯಿಲ್ಲದ ನೇರ ಒದೆತ ಸಿಗುತ್ತದೆ. ಹೀಗಾಗಿ ಇಲ್ಲಿ ಮೈಬಲಕ್ಕಿಂತ ಕಾಲಿನ ಚಳಕ ಮುಖ್ಯ.

ಇಪ್ಪತ್ತೆರಡು ಮಂದಿಯ ನಡುವೆ ಒಂದು ಚೆಂಡು ಇರುವ ಕಡೆಗೂ ಹತ್ತು ಮಂದಿಯ ನಡುವೆ ಒಂದು ಚೆಂಡು ಇರುವ ಕಡೆಗೂ ವ್ಯತ್ಯಾಸವಿದೆ. ಚಿಕ್ಕ ಅಂಗಳದಲ್ಲಿ ಕಲಿಯುವವನ ಕಾಲಿಗೆ ಚೆಂಡು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಎದುರಾಳಿ ಎರಡು ಹೆಜ್ಜೆ ದೂರದಲ್ಲೇ ಇರುತ್ತಾನೆ. ಯೋಚಿಸಲು ಸಮಯವಿಲ್ಲ. ಬ್ರೆಜಿಲ್‌ನ ಪೆಲೆ, ಜಿಕೊ, ರೊನಾಲ್ಡಿನೊ, ನೇಮಾರ್ ಇವರೆಲ್ಲ ಬಾಲ್ಯದಲ್ಲಿ ಆಡಿದ್ದು ಈ ಆಟವನ್ನು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲ ಫುಟ್‌ಸಾಲ್ ವಿಶ್ವಕಪ್ ನಡೆಸಿತು. 2024ರಲ್ಲಿ ಉಜ್ಬೇಕಿಸ್ತಾನದಲ್ಲಿ ನಡೆದ ವಿಶ್ವಕಪ್ಪನ್ನು ಬ್ರೆಜಿಲ್ ಗೆದ್ದಿತು. ಮಹಿಳೆಯರ ಮೊದಲ ಫುಟ್‌ಸಾಲ್ ವಿಶ್ವಕಪ್ 2025ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆಯಿತು. ಅದನ್ನೂ ಬ್ರೆಜಿಲ್ಲೇ ಗೆದ್ದಿತು.

ಬೆಂಗಳೂರಿನ ಹಳೆಯ ಏಣಿ

ಹಾಗಾದರೆ ಬೆಳವಣಿಗೆ ಲೀಗ್ ಎಂಬುದು ಹೊರಗಿನಿಂದ ತರಬೇಕಾದ ಹೊಸ ಸರಕೇ? ಖಂಡಿತ ಅಲ್ಲ. ಹೆಸರು ಹೊಸದಿರಬಹುದು. ವಸ್ತು ಬೆಂಗಳೂರಿಗೆ ಹಳೆಯದು.

ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಂದ ಫುಟ್‌ಬಾಲ್ ಕಲಿತ ಬೆಂಗಳೂರಿನ ಹುಡುಗರು ಬಹುಬೇಗ ಗುರುಗಳನ್ನೇ ಮೀರಿಸಿದರು. ಮುಂಬೈಯ ಪ್ರಸಿದ್ಧ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತಾದರೂ, ಅಂದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊತ್ತಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುತೇಕರು ಬರಿಗಾಲಲ್ಲಿ ಆಡಿದ್ದರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಮನೆಮಾತಾದರು. ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದುಕೊಂಡಿತು: 1946–47, 1952–53, 1967–68 ಮತ್ತು 1968–69ರಲ್ಲಿ.

ಈ ಆಟಗಾರರನ್ನು ಬೆಳೆಸಿದ್ದು ಭವ್ಯ ಕ್ರೀಡಾಂಗಣಗಳಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದಂಥ ಬಡಾವಣೆಗಳ ಇಕ್ಕಟ್ಟಾದ ಓಣಿಗಳು ಮತ್ತು ಚಿಕ್ಕ ಮೈದಾನಗಳು. ಗೌತಮಪುರದಲ್ಲಿ ಇಂದಿಗೂ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲೇ ಪೆಲೆಯ ಪ್ರತಿಮೆಯೂ ನಿಂತಿದೆ. ಆ ಬಡಾವಣೆಗಳ ಹುಡುಗರಿಗೆ ಫುಟ್‌ಸಾಲ್ ಎಂಬ ಹೆಸರು ಗೊತ್ತಿರಲಿಲ್ಲ. ಆದರೆ ಅವರು ಆಡಿದ್ದು ಹೆಚ್ಚುಕಡಿಮೆ ಅದನ್ನೇ.

ಓಣಿಯ ಜತೆಗೆ ಇನ್ನೂ ಒಂದು ಇತ್ತು. ಅದು ಡಿವಿಷನ್ ಲೀಗ್. ಸಿ ಡಿವಿಷನ್, ಬಿ ಡಿವಿಷನ್, ಎ ಡಿವಿಷನ್, ಎಲ್ಲಕ್ಕೂ ಮೇಲೆ ಸೂಪರ್ ಡಿವಿಷನ್. ಗೆದ್ದ ತಂಡಕ್ಕೆ ಬಡ್ತಿ, ಸೋತದ್ದಕ್ಕೆ ಹಿಂಬಡ್ತಿ. ಓಣಿಯ ಹುಡುಗ ಮೊದಲು ಬಡಾವಣೆಯ ಕ್ಲಬ್ಬಿಗೆ ಆಡಿ, ಎಚ್‌ಎಎಲ್, ಐಟಿಐನಂಥ ಕಾರ್ಖಾನೆ ತಂಡಗಳ ಕಣ್ಣಿಗೆ ಬೀಳುತ್ತಿದ್ದ. ಅಲ್ಲಿ ಆಟದ ಜತೆಗೆ ಕಾಯಂ ನೌಕರಿ ಸಿಗುತ್ತಿತ್ತು. ಮನೆಯವರು 'ಆಡಿ ಏನು ಮಾಡ್ತೀಯಪ್ಪಾ?' ಎಂದು ಕೇಳಿದರೆ ತೋರಿಸಲು ಆತನ ಬಳಿ ನೇಮಕಾತಿ ಆದೇಶ ಇರುತ್ತಿತ್ತು.

ಕಾರ್ಲ್‌ಟನ್ ಚಾಪ್‌ಮನ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ. ಆಸ್ಟಿನ್ ಟೌನ್‌ನಲ್ಲಿ ಬೆಳೆದ ಅವರು ಕ್ರೀಡಾ ವಸತಿನಿಲಯದ ತರಬೇತಿ ಪಡೆದು, ಬೆಂಗಳೂರಿನ ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿ, ಅಲ್ಲಿಂದ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದರು. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಅದೇ ವರ್ಷ ಇರಾಕ್‌ನ ಅಲ್ ಜವ್ರಾ ತಂಡದ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಮುಂದೆ ಭಾರತ ತಂಡದ ನಾಯಕರಾದರು. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಅವರದು ದೊಡ್ಡ ಪ್ರತಿಭೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರತಿಭೆಗೆ ಕಾಲಿಡಲು ಮೆಟ್ಟಿಲುಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ.

ಏಣಿಯ ಮುರಿದ ಮೆಟ್ಟಿಲು

ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿ ಕಡಿಮೆಯಾಗುತ್ತ ಬಂದಂತೆ ಕಾರ್ಖಾನೆ ತಂಡಗಳೂ ಸೊರಗಿದವು. 1996ರಲ್ಲಿ ಶುರುವಾದ ರಾಷ್ಟ್ರೀಯ ಲೀಗ್‌ನಲ್ಲಿ ಐಟಿಐ ಆಡಿತ್ತು. ಎಚ್‌ಎಎಲ್ 2012ರಲ್ಲಿ ಐ–ಲೀಗ್‌ನಿಂದ ಹಿಂಬಡ್ತಿ ಪಡೆಯಿತು. ಮರುವರ್ಷ, ಅಂದರೆ 2013ರ ಜುಲೈನಲ್ಲಿ ಖಾಸಗಿ ಒಡೆತನದ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಿರೀಟ ಧರಿಸಿತು.

ಮಹಡಿ ಬಂದಿತು. ಮೆಟ್ಟಿಲು? ಆ ಕೊರತೆ ತುಂಬಲು 2022ರಲ್ಲಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಎಂಬ ಎಳೆಯರ ಲೀಗ್ ಗೋವಾದಲ್ಲಿ ಆರಂಭವಾಯಿತು. ಮೊದಲ ವರ್ಷ ಚಾಂಪಿಯನ್ ಆದದ್ದು ಬೆಂಗಳೂರು ಎಫ್‌ಸಿಯ ಎಳೆಯರ ತಂಡ. ಆ ತಂಡದ ಶಿವಶಕ್ತಿ ನಾರಾಯಣನ್ ತಮಿಳುನಾಡಿನ ಕಾರೈಕುಡಿ ಬಳಿಯ ಕಂಡನೂರಿನವರು. ಮೇ ತಿಂಗಳಲ್ಲಿ ಮುಗಿದ ಎಳೆಯರ ಲೀಗ್‌ನಲ್ಲಿ ಗೋಲು ಹೊಡೆಯುತ್ತಿದ್ದ ಆ ಹುಡುಗ, ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ನಡೆದ ಡುರಾಂಡ್ ಕಪ್ ಫೈನಲ್‌ನಲ್ಲಿ ಬೆಂಗಳೂರಿಗೆ ಮೊದಲ ಗೋಲು ತಂದುಕೊಟ್ಟರು. ಬೆಂಗಳೂರು 2–1ರಿಂದ ಮುಂಬೈ ಸಿಟಿಯನ್ನು ಸೋಲಿಸಿ ಕಪ್ ಗೆದ್ದಿತು. ಆ ಋತುವಿನ ಸೂಪರ್ ಲೀಗ್‌ನಲ್ಲಿ ಶ್ರೇಷ್ಠ ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಅವರಿಗೇ ಬಂದಿತು. ಬೆಳವಣಿಗೆ ಲೀಗ್‌ನಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಈ ನಾಲ್ಕು ತಿಂಗಳ ಪ್ರಯಾಣವೇ ಉತ್ತರ.

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದೂ ಇಲ್ಲಿ ನೆನೆಯಬೇಕಾದ ಸಂಗತಿ. ಬೆಂಗಳೂರಿನ ಲೀಗ್ ನಡೆದುಕೊಂಡು ಬಂದದ್ದು ಆ ಗೆಲುವಿನ ಹಿಂದಿದೆ.

ಆದರೆ ಈ ಏಣಿಯ ಬುಡ ಎಲ್ಲಿದೆ? ಬೆಂಗಳೂರು ನಗರದ ಮಧ್ಯದಲ್ಲಿ. ಡಿವಿಷನ್ ಲೀಗ್‌ನ ಪಂದ್ಯಗಳಿಗೆ ಬಹುಕಾಲದಿಂದ ನೆಲೆಯಾಗಿರುವುದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ದೊಡ್ಡಬಳ್ಳಾಪುರದಿಂದ ಅಲ್ಲಿಗೆ ಸುಮಾರು ನಲವತ್ತು ಕಿಲೋಮೀಟರ್. ಪಂದ್ಯವೊಂದಕ್ಕೆ ಹೋಗಿಬರಲು ಶಾಲೆಯನ್ನೋ ದಿನಗೂಲಿಯನ್ನೋ ಬಿಡಬೇಕು. ಪ್ರತಿಭೆಯುಳ್ಳವನು ಹೇಗಾದರೂ ಬಂದೇ ಬರುತ್ತಾನೆ ಎಂಬ ಮಾತು ಕೇಳಲು ಚೆನ್ನಾಗಿದೆ. ಬರಲಾಗದೆ ಉಳಿದವರ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ.

ಮೇಲಿನ ಮಹಡಿಯೂ ಗಟ್ಟಿಯಾಗಿಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಹೊಸ ಋತುವನ್ನು ಸಂಘಟಕರು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ವೇತನವನ್ನೇ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ದುಡ್ಡಿನ ಮೇಲೆ ನಿಂತ ಮೇಲ್ಮಹಡಿ ಅಲುಗಾಡಿದಾಗ ಆಟವನ್ನು ಹಿಡಿದು ನಿಲ್ಲಿಸಬೇಕಾದದ್ದು ಕೆಳಗಿನ ಚಿಕ್ಕ ಚಿಕ್ಕ ಲೀಗ್‌ಗಳೇ.

ಕಲಶ ಮೊದಲು, ತಳಪಾಯ ಆಮೇಲೆ

ಫುಟ್‌ಸಾಲ್ ವಿಷಯದಲ್ಲಿ ಭಾರತ ಮಾಡಿದ ಮೊದಲ ಪ್ರಯೋಗ ಸ್ವಾರಸ್ಯಕರವಾಗಿದೆ. 2016ರಲ್ಲಿ 'ಪ್ರೀಮಿಯರ್ ಫುಟ್‌ಸಾಲ್' ಎಂಬ ಖಾಸಗಿ ಟೂರ್ನಿ ಭಾರೀ ಪ್ರಚಾರದೊಂದಿಗೆ ಬಂದಿತು. ಬ್ರೆಜಿಲ್‌ನ ರೊನಾಲ್ಡಿನೊ, ಫುಟ್‌ಸಾಲ್ ಲೋಕದ ದಂತಕಥೆ ಫಾಲ್ಕಾವ್ ಬಂದರು. ಬೆಂಗಳೂರು ತಂಡಕ್ಕೆ ಇಂಗ್ಲೆಂಡಿನ ಪಾಲ್ ಸ್ಕೋಲ್ಸ್ ಬಂದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಮಾನ್ಯತೆ ಅದಕ್ಕೆ ಇರಲಿಲ್ಲ. ಮುಂಬೈ ತಂಡ ಮೊದಲ ಕಪ್ ಗೆದ್ದಿತು. ಮರುವರ್ಷವೂ ಟೂರ್ನಿ ನಡೆಯಿತು. ಆಮೇಲೆ ಸದ್ದಿಲ್ಲ. ತಾರೆಗಳು ಬಂದರು, ಆಡಿದರು, ವಿಮಾನ ಹತ್ತಿದರು. ಜಿಲ್ಲೆಗಳಲ್ಲಿ ಒಂದು ಲೀಗ್ ಕೂಡ ಅದರಿಂದ ಮೂಡಲಿಲ್ಲ. ತಳಪಾಯವಿಲ್ಲದೆ ಕಲಶ ಇಟ್ಟರೆ ಆಗುವುದು ಇಷ್ಟೇ.

ಫೆಡರೇಷನ್ ತನ್ನದೇ ಫುಟ್‌ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಶುರುಮಾಡಿದ್ದು 2021ರ ನವೆಂಬರ್‌ನಲ್ಲಿ, ದೆಹಲಿಯಲ್ಲಿ. ಡೆಲ್ಲಿ ಎಫ್‌ಸಿ ಅದರ ಮೊದಲ ಚಾಂಪಿಯನ್. ಭಾರತದ ಪುರುಷರ ಫುಟ್‌ಸಾಲ್ ತಂಡ ಏಷ್ಯಾ ಕಪ್ ಅರ್ಹತಾ ಸುತ್ತಿಗೆ ಮೊದಲ ಬಾರಿ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ, ತಜಿಕಿಸ್ತಾನದ ದುಶಾನ್ಬೆಯಲ್ಲಿ. ಅರ್ಹತೆ ದೊರೆಯಲಿಲ್ಲ. ಅದೇ ಇರಾನ್ ದೇಶವನ್ನು ನೋಡಿ. ಏಷ್ಯಾ ಚಾಂಪಿಯನ್ ಪಟ್ಟವನ್ನು ಹತ್ತಕ್ಕೂ ಹೆಚ್ಚು ಸಲ ಗೆದ್ದಿದೆ. 2016ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಅಲ್ಲಿ ರಾಷ್ಟ್ರೀಯ ಫುಟ್‌ಸಾಲ್ ಲೀಗ್ ಇದೆ, ಅದರ ಕೆಳಗೆ ಇನ್ನೊಂದು ದರ್ಜೆಯ ಲೀಗ್ ಇದೆ. ನಮ್ಮಲ್ಲಿ ಕೊರತೆಯಿರುವುದು ಕಾಲುಗಳದ್ದಲ್ಲ, ಕ್ಯಾಲೆಂಡರಿನದು.

ಎಂಟು ಗುಂಟೆಯ ಅಂಗಳ

ಈಗ ಜಿಲ್ಲೆಯ ನೆಲಕ್ಕೆ ಬರೋಣ. 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಬೇರೆಯಾದ ಮೇಲೆ ನಾಲ್ಕು ತಾಲ್ಲೂಕುಗಳ ಜಿಲ್ಲೆಯಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಂದಿನಿಂದ ಇಲ್ಲಿನ ಭೂಮಿಯ ಬೆಲೆ ಏನಾಯಿತೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ಹೊಲವೇ ಉಳಿಯುವುದು ಕಷ್ಟವಾಗಿರುವ ಕಡೆ ಆಟದ ಮೈದಾನ ಉಳಿಯುವುದೆಂತು?

ಅಂತರರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ ಮೂವತ್ತು ಗುಂಟೆ. ಸುತ್ತ ಬಿಡಬೇಕಾದ ಜಾಗ ಸೇರಿದರೆ ಎರಡು ಎಕರೆ ದಾಟುತ್ತದೆ. ಫುಟ್‌ಸಾಲ್ ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಅಂದರೆ ಎಂಟು ಗುಂಟೆ. ಸುತ್ತಲಿನ ಜಾಗ ಸೇರಿ ಹತ್ತು–ಹನ್ನೊಂದು ಗುಂಟೆ. ಪ್ರೌಢಶಾಲೆಯ ಅಂಗಳದ ಒಂದು ಮೂಲೆಯಲ್ಲಿ ಹಿಡಿಸುತ್ತದೆ. ಗಟ್ಟಿಯಾದ ಸಮತಟ್ಟು ನೆಲ, ಮೇಲೊಂದು ತಗಡಿನ ಸೂರು, ನಾಲ್ಕು ದೀಪ ಇದ್ದರೆ ಮಳೆಗಾಲದಲ್ಲೂ ಸಂಜೆಯಲ್ಲೂ ಆಟ ನಿಲ್ಲುವುದಿಲ್ಲ. ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಕಟ್ಟಳೆಯಲ್ಲಿ ಆಟ ಬಿಡುವ ಹೆಣ್ಣುಮಕ್ಕಳಿಗೆ ಊರೊಳಗಿನ, ಬೆಳಕಿರುವ, ಬಾಗಿಲಿರುವ ಅಂಗಳ ದೊಡ್ಡ ಅನುಕೂಲ.

ಅಂಗಳಗಳು ಆಗಲೇ ಬಂದಿವೆಯಲ್ಲ ಎನ್ನಬಹುದು. ನಿಜ. ಹೆದ್ದಾರಿಗಳ ಬದಿಯಲ್ಲಿ ಹಸಿರು ಕೃತಕ ಹುಲ್ಲಿನ, ಸುತ್ತಲೂ ಬಲೆ ಕಟ್ಟಿದ 'ಟರ್ಫ್'ಗಳು ಎದ್ದಿವೆ. ಯಲಹಂಕದಾಚೆ ವಿಮಾನ ನಿಲ್ದಾಣದ ರಸ್ತೆಯಲ್ಲಿ 2017ರಿಂದ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರವೂ ಇದೆ. ಆದರೆ ಟರ್ಫ್ ಎಂಬುದು ಗಂಟೆಯ ಬಾಡಿಗೆಯ ವ್ಯಾಪಾರ. ಕಚೇರಿ ಮುಗಿಸಿ ಬಂದ ಗೆಳೆಯರು ಹಣ ಹಂಚಿಕೊಂಡು ಒಂದು ಗಂಟೆ ಬೆವರಿಳಿಸಲು ಅದು ಸರಿಯಾದ ಜಾಗ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಅಂಕಪಟ್ಟಿ ಇಲ್ಲ, ರೆಫರಿ ಇಲ್ಲ, ತರಬೇತುದಾರನ ಕಣ್ಣಿಲ್ಲ, ಬಡ್ತಿ ಇಲ್ಲ. ಬಾಡಿಗೆ ಕೊಡಲಾಗದವನು ಬಲೆಯ ಹೊರಗೆ ನಿಂತು ನೋಡಬೇಕು. ಅಂಗಳ ಬಂದ ಮಾತ್ರಕ್ಕೆ ಏಣಿ ಬಂದಂತಾಗಲಿಲ್ಲ.

ಲೀಗ್ ಹೇಗಿರಬಹುದು?

ಒಂದು ಸರಳ ಲೆಕ್ಕ ಹಾಕೋಣ. ತಾಲ್ಲೂಕಿಗೆ ಎರಡರಂತೆ ಎಂಟು ತಂಡಗಳು. ಆಟಗಾರರು ಹದಿನೆಂಟು ವರ್ಷದೊಳಗಿನವರು. ಎರಡು ಸುತ್ತಿನ ಲೀಗ್‌ನಲ್ಲಿ 56 ಪಂದ್ಯಗಳು. ಗಡಿಯಾರ ನಿಲ್ಲಿಸಿ ಆಡಿದರೂ ಒಂದು ಪಂದ್ಯ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಪ್ರತಿ ಭಾನುವಾರ ಒಂದೇ ಅಂಗಳದಲ್ಲಿ ನಾಲ್ಕು ಪಂದ್ಯ ಆಡಿಸಿದರೆ 14 ವಾರಗಳಲ್ಲಿ ಲೀಗ್ ಮುಗಿಯುತ್ತದೆ. ದಸರೆ ರಜೆ ಕಳೆದ ಮೇಲೆ ಶುರುಮಾಡಿದರೆ ವಾರ್ಷಿಕ ಪರೀಕ್ಷೆಗಳಿಗೆ ಮೊದಲೇ ಕೊನೆಗೊಳ್ಳುತ್ತದೆ. ಒಂದು ವಾರ ದೊಡ್ಡಬಳ್ಳಾಪುರ, ಮರುವಾರ ದೇವನಹಳ್ಳಿ, ಆಮೇಲೆ ಹೊಸಕೋಟೆ, ನೆಲಮಂಗಲ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುವ ಉಪನಗರ ವರ್ತುಲ ರಸ್ತೆ ಲಾರಿಗಳಿಗಷ್ಟೇ ಏಕೆ ಬೇಕು? ನಗರದೊಳಕ್ಕೆ ಕಾಲಿಡದೆ ಎಳೆಯರ ತಂಡಗಳೂ ಅದರ ಮೇಲೆ ಊರಿಂದೂರಿಗೆ ಹೋಗಬಹುದು. ಅಮೆರಿಕದ ಬೆಳವಣಿಗೆ ಲೀಗ್ ಮಾಡಿದ್ದೂ ಇದನ್ನೇ: ಹತ್ತಿರದ ಊರುಗಳು, ವಾರಾಂತ್ಯದ ಪಂದ್ಯಗಳು.

ಹಗಲು ಹೊತ್ತು ಬೇಡಿಕೆ ಕಡಿಮೆಯಿರುವ ಖಾಸಗಿ ಟರ್ಫ್‌ಗಳನ್ನು ಅಭ್ಯಾಸಕ್ಕೆ ಕಡಿಮೆ ದರದಲ್ಲಿ ಪಡೆಯಬಹುದು. ಸುತ್ತಮುತ್ತ ಬೆಳೆದಿರುವ ಕೈಗಾರಿಕೆಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ತಂಡವೊಂದರ ಬಸ್ ಖರ್ಚು, ಬೂಟು, ಬಾಳೆಹಣ್ಣು–ಮೊಟ್ಟೆಯ ಖರ್ಚು ಹೊರಬಹುದು. ಒಂದು ಕಾಲಕ್ಕೆ ಎಚ್‌ಎಎಲ್, ಐಟಿಐಗಳು ನೌಕರಿಯ ರೂಪದಲ್ಲಿ ಕೊಟ್ಟ ಆಸರೆಯ ಸಣ್ಣ ಪಾಲು ಅದು. ದೈಹಿಕ ಶಿಕ್ಷಣ ಶಿಕ್ಷಕರಿಗೆ ರೆಫರಿ ತರಬೇತಿ ಕೊಡಿಸಬೇಕು. ರೆಫರಿ ಇಲ್ಲದ ಲೀಗ್ ಮೂರನೆಯ ವಾರ ಜಗಳದಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲೀಗ್‌ನಲ್ಲಿ ಗೆದ್ದ ತಂಡಕ್ಕೆ ಮುಂದಿನ ಮೆಟ್ಟಿಲು ಕಾಣಬೇಕು. ರಾಜ್ಯ ಮಟ್ಟದ ಫುಟ್‌ಸಾಲ್ ಸ್ಪರ್ಧೆಗೋ ಬೆಂಗಳೂರಿನ ಡಿವಿಷನ್ ಲೀಗ್‌ಗೋ ದಾರಿ ತೆರೆದಿರಬೇಕು. ಮೇಲಕ್ಕೆ ಕೊಂಡಿಯಿಲ್ಲದಿದ್ದರೆ ಅದು ಬರೀ ಇನ್ನೊಂದು ಟೂರ್ನಿಯಾಗಿಬಿಡುತ್ತದೆ.

ಆಕ್ಷೇಪಗಳೂ ಇವೆ. ಚಿಕ್ಕ ಅಂಗಳದಲ್ಲಿ ಕಲಿತವನು ದೊಡ್ಡ ಮೈದಾನದಲ್ಲಿ ಓಡಲಾರ, ಎತ್ತರದ ಚೆಂಡಿಗೆ ತಲೆಕೊಡಲಾರ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ಫುಟ್‌ಸಾಲ್ ದೊಡ್ಡ ಫುಟ್‌ಬಾಲ್‌ಗೆ ಬದಲಿಯಲ್ಲ. ಅದು ಚೆಂಡಿನ ಅಕ್ಷರಾಭ್ಯಾಸ. ಅಕ್ಷರ ಕಲಿತವರೆಲ್ಲ ಕಾವ್ಯ ಬರೆಯುವುದಿಲ್ಲ. ಆದರೆ ಅಕ್ಷರವೇ ಬಾರದವನು ಕಾವ್ಯ ಬರೆದದ್ದಂತೂ ಅಪರೂಪ. ಹಳ್ಳಿಯ ಆಟ ಕಬಡ್ಡಿ ಇರುವಾಗ ಇದೇಕೆ ಎಂದೂ ಕೇಳಬಹುದು. ಸೂರಿರುವ ಹತ್ತು ಗುಂಟೆಯ ಅಂಗಳದಲ್ಲಿ ಸೋಮವಾರ ಕಬಡ್ಡಿ, ಮಂಗಳವಾರ ವಾಲಿಬಾಲ್ ಆಡಲು ಅಡ್ಡಿಯೇನಿಲ್ಲ. ಸೋತವನಿಗೂ ಮತ್ತೆ ಆಡುವ ಅವಕಾಶ ಕೊಡುವ ಲೀಗ್ ಪದ್ಧತಿ ಆ ಆಟಗಳಿಗೂ ಅಷ್ಟೇ ಬೇಕು.

ಇಂಥ ಲೀಗ್‌ನಿಂದ ನಾಳೆಯೇ ಒಬ್ಬ ಅಹ್ಮದ್ ಖಾನ್, ಒಬ್ಬ ಚಾಪ್‌ಮನ್ ಹುಟ್ಟಿಬಿಡುತ್ತಾರೆಂದು ಯಾರೂ ಭರವಸೆ ಕೊಡಲಾರರು. ಎಂಟು ತಂಡಗಳ ನೂರು ಮಕ್ಕಳಲ್ಲಿ ವೃತ್ತಿಪರ ಆಟಗಾರ ಒಬ್ಬನಾದರೆ ಅದೇ ಹೆಚ್ಚು. ಉಳಿದವರ ಪಾಲಿಗೆ ಲೀಗ್ ಎಂದರೆ ಹದಿನಾಲ್ಕು ಭಾನುವಾರಗಳು, ನಾಲ್ಕು ಊರುಗಳ ಗೆಳೆಯರು, ಸೋತು ಮನೆಗೆ ಹೋಗಿ ಮುಂದಿನ ವಾರ ಮತ್ತೆ ಬೂಟಿನ ದಾರ ಕಟ್ಟುವ ಅಭ್ಯಾಸ. ಅಂಕಪಟ್ಟಿಯ ತುದಿಯಲ್ಲಿರುವ ತಂಡ ಹೇಗೂ ಪತ್ರಿಕೆಯಲ್ಲಿ ಹೆಸರು ಪಡೆಯುತ್ತದೆ. ಅದೇ ಪಟ್ಟಿಯ ಕೊನೆಯಲ್ಲಿರುವ ತಂಡದ ಹೆಸರಿನ ಮುಂದೆಯೂ 'ಆಡಿದ ಪಂದ್ಯಗಳು: 14' ಎಂದು ಅಚ್ಚಾಗಿದ್ದರೆ ಆ ಲೀಗ್ ತನ್ನ ಕೆಲಸ ಮಾಡಿದೆ ಎಂದೇ ತಿಳಿಯಬೇಕು.